ಗುಡ್ಡೆ ಜಾಗದಲ್ಲೊಂದು ಕಾಡು: ಬೇಲಿಯೋ, ಸಾಲುತೋಪೋ, ಮಿಯಾವಾಕಿಯೋ, ಮಿಶ್ರವನವೋ?

ಮಂಗಳೂರು ಮತ್ತು ಉಡುಪಿಯ ಸುತ್ತಮುತ್ತ ಅನೇಕ ಮನೆತನಗಳಲ್ಲಿ, ಪಾಲಾದ ಮೇಲೆ ಯಾರಿಗೂ ಸರಿಯಾಗಿ ಉಪಯೋಗಕ್ಕೆ ಬಾರದೆ ಉಳಿದ ಗುಡ್ಡೆ ಜಾಗವೊಂದು ಇರುತ್ತದೆ. ಅಡಿಕೆ ಹಾಕೋಣವೆಂದರೆ ನೀರಿಲ್ಲ, ತೆಂಗು ಹಾಕೋಣವೆಂದರೆ ಮಣ್ಣಿಲ್ಲ, ಇದ್ದ ಗೇರು ಮರಗಳಿಗೆ ವಯಸ್ಸಾಗಿದೆ, ನೋಡಿಕೊಳ್ಳಬೇಕಾದ ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದಾರೆ. ಇಂಥ ಜಾಗದಲ್ಲಿ ಕಾಡು ಬೆಳೆಸೋಣ ಎಂದುಕೊಳ್ಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಮೂರು ಆಸೆಗಳು ಒಟ್ಟಿಗೆ ಇರುತ್ತವೆ: ಮನೆಯವರಿಗೆ ನೆರಳು, ಹಣ್ಣು, ನಡೆದಾಡುವ ದಾರಿ ಬೇಕು, ಹಕ್ಕಿ ಮತ್ತು ಪ್ರಾಣಿಗಳಿಗೆ ನೆಲೆ ಬೇಕು, ಮುಂದೊಂದು ದಿನ ಮೊಮ್ಮಕ್ಕಳ ಮನೆಯ ದಾರಂದಕ್ಕಾದರೂ (ಬಾಗಿಲ ಚೌಕಟ್ಟಿಗಾದರೂ) ಒಳ್ಳೆಯ ಮರ ಸಿಗಬೇಕು.

ಒಂದೆರಡು ಎಕರೆಯಲ್ಲಿ ಈ ಮೂರೂ ಸಮನಾಗಿ ಕೈಗೂಡುವುದಿಲ್ಲ. ಮರದ ಆಸೆಯುಳ್ಳವನು ನೆಟ್ಟಗೆ ಬೆಳೆದ, ಗಂಟಿಲ್ಲದ ಕಾಂಡವನ್ನು ಬಯಸುತ್ತಾನೆ. ಮಂಗಟ್ಟೆ ಹಕ್ಕಿಗೆ ಪೊಟರೆ ಬಿದ್ದ ಮುದಿಮರ ಬೇಕು. ನಡೆದಾಡುವವರು ಬುಡ ಸವರಿದ ನೆಲವನ್ನು ಮೆಚ್ಚುತ್ತಾರೆ. ಹುತ್ತ, ಬಲ್ಲೆ, ತರಗೆಲೆಗಳಿಲ್ಲದ ನೆಲದಲ್ಲಿ ಹೆಚ್ಚಿನ ಜೀವಿಗಳು ನಿಲ್ಲುವುದಿಲ್ಲ. ಆದ್ದರಿಂದ ಮೂರರಲ್ಲಿ ಯಾವುದಕ್ಕೆ ಮೊದಲ ಸ್ಥಾನ ಎಂಬುದನ್ನು ಮನೆಯವರು ಕೂತು ತೀರ್ಮಾನಿಸಬೇಕಾಗುತ್ತದೆ. ಆದರೆ ಅದಕ್ಕೂ ಮುಂಚೆ ನೆಲವನ್ನು ಕೇಳಬೇಕು, ಏಕೆಂದರೆ ಬೇಲಿ ಹಾಕಿ ಬಿಡುವುದು, ಒಂದೇ ಜಾತಿಯ ಸಾಲುತೋಪು, ಒತ್ತೊತ್ತಾಗಿ ನೆಡುವ ಜಪಾನಿನ ಮಿಯಾವಾಕಿ ವಿಧಾನ, ಸ್ಥಳೀಯ ಜಾತಿಗಳ ಮಿಶ್ರವನ ಎಂಬ ನಾಲ್ಕು ದಾರಿಗಳಲ್ಲಿ ಎರಡನ್ನಾದರೂ ನಿಮ್ಮ ನೆಲವೇ ತಳ್ಳಿಹಾಕುವ ಸಾಧ್ಯತೆಯಿದೆ.

ಮೊದಲು ಹಾರೆ ಹಿಡಿದು ನೋಡುವುದು

ಗದ್ದೆಯನ್ನು ಬೈಲು (ತಗ್ಗಿನದು), ಮಜಲು (ನಡುವಿನದು), ಬೆಟ್ಟು (ಎತ್ತರದ್ದು) ಎಂದು ನೀರಿನ ಲೆಕ್ಕದಲ್ಲಿ ವಿಂಗಡಿಸಿದ ಊರು ನಮ್ಮದು. ಗುಡ್ಡೆಯನ್ನೂ ಹಾಗೆಯೇ ಮಣ್ಣಿನ ಆಳದ ಲೆಕ್ಕದಲ್ಲಿ ವಿಂಗಡಿಸಿಕೊಳ್ಳಬೇಕು. ಫೆಬ್ರವರಿಯಲ್ಲಿ, ನೆಲ ಒಣಗಿದ ಮೇಲೆ, ಜಾಗದ ಐದಾರು ಕಡೆ ಹಾರೆ ಹಾಕಿ ನೋಡಿ. ಹಾರೆ ಮೊದಲ ಏಟಿಗೇ ಕಲ್ಲಿಗೆ ತಾಗಿದರೆ ಅದು ಪಾದೆ. ಒಂದೆರಡು ಅಡಿ ಕೆಂಪುಮಣ್ಣು ಸಿಕ್ಕಿ ಆಮೇಲೆ ಮುರಕಲ್ಲು (ಜಂಬಿಟ್ಟಿಗೆ, ಲ್ಯಾಟರೈಟ್) ಬಂದರೆ ಅದು ನಮ್ಮಲ್ಲಿ ಹೆಚ್ಚಾಗಿ ಕಾಣುವ ಇಳಿಜಾರು. ಮೂರು ಅಡಿಗೂ ಕಲ್ಲು ಸಿಗದಿದ್ದರೆ ನೀವು ಬಹುಶಃ ತೋಡಿನ ಬದಿಯಲ್ಲೋ ಬೈಲಿನ ಅಂಚಿನಲ್ಲೋ ಇದ್ದೀರಿ. ಒಂದೇ ಎಕರೆಯಲ್ಲಿ ಈ ಮೂರೂ ಸಿಗುವುದು ಅಪರೂಪವಲ್ಲ.

ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಸೀಮೆಯಲ್ಲಿ ಗಿಡಗಳು ನೀರಿಲ್ಲದೆ ಸಾಯುತ್ತವೆ ಎಂದರೆ ಹೊರಗಿನವರು ನಂಬುವುದಿಲ್ಲ. ಆದರೆ ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನ ಒಳಗೆ ಸುರಿದು ಹೋಗುತ್ತದೆ, ಮುರಕಲ್ಲು ಅದನ್ನು ಹಿಡಿದಿಡುವುದಿಲ್ಲ, ಜನವರಿಯಿಂದ ಮೇ ಕೊನೆಯವರೆಗಿನ ಸುಮಾರು 20 ವಾರಗಳು ಎಳೆಯ ಗಿಡದ ಪಾಲಿಗೆ ಬರಗಾಲವೇ. ಸಸಿಯ ಹಣೆಬರಹ ತೀರ್ಮಾನವಾಗುವುದು ಈ 20 ವಾರಗಳಲ್ಲಿ.

ಪಾದೆಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಅದನ್ನು ಬಂಜರು ಎಂದು ಕರೆದು ಜೆಸಿಬಿಯಿಂದ ಗುಂಡಿ ಹೊಡೆಸಿ ಗಿಡ ನೆಡುವುದು ಪುಣ್ಯದ ಕೆಲಸವೆಂಬ ಭಾವನೆ ಬಲವಾಗಿದೆ. ಮಳೆಗಾಲದ ನಾಲ್ಕು ತಿಂಗಳು ಪಾದೆಯ ಮೇಲೆ ನಿಲ್ಲುವ ತೆಳುನೀರಿನಲ್ಲಿ ಹುಳ ಹಿಡಿಯುವ ಪುಟ್ಟ ಸಸ್ಯಗಳು, ಹುಲ್ಲುಗಳು, ಕಪ್ಪೆಗಳು ತಮ್ಮ ವರ್ಷದ ಬದುಕನ್ನೆಲ್ಲ ಮುಗಿಸಿಕೊಳ್ಳುತ್ತವೆ. ಮಣಿಪಾಲದ ಸುತ್ತಲಿನ ಮುರಕಲ್ಲಿನ ನೆಲದಲ್ಲಿ ಸಿಕ್ಕಿದ, ಹೆಬ್ಬೆರಳಿನ ಉಗುರಿನಷ್ಟು ಗಾತ್ರದ ಕಪ್ಪೆಯೊಂದನ್ನು 2016ರಲ್ಲಿ ಹೊಸ ಜಾತಿಯೆಂದು ವಿಜ್ಞಾನಿಗಳು ವಿವರಿಸಿ, ಮುರಕಲ್ಲಿನ ಹೆಸರನ್ನೇ ಸೇರಿಸಿ ಮೈಕ್ರೋಹೈಲಾ ಲ್ಯಾಟರೈಟ್ ಎಂದು ಕರೆದರು. 2018ರಲ್ಲಿ ಮಂಗಳೂರು ನಗರದಲ್ಲೇ ಸಿಕ್ಕಿದ ಅದರ ಬಂಧುವಿಗೆ ಕೊಂಕಣಿಯ ಕೊಡಿಯಾಲ ಎಂಬ ಊರ ಹೆಸರು ದೊರೆಯಿತು. ಇಂಥ ನೆಲಕ್ಕೆ ಮರ ಬೇಡ. ಜಾಗದ ಯಾವ ಭಾಗ ಪಾದೆಯೋ ಅದನ್ನು ಮುಳಿಹುಲ್ಲಿನೊಂದಿಗೆ ಹಾಗೆಯೇ ಬಿಟ್ಟು, ಮುಂದಿನ ಲೆಕ್ಕವನ್ನೆಲ್ಲ ಉಳಿದ ಭಾಗಕ್ಕೆ ಮಾತ್ರ ಹಾಕಿಕೊಳ್ಳಿ.

ಬೇಲಿ ಹಾಕಿ ಬಿಡುವುದು

ಇದರಷ್ಟು ಅಗ್ಗದ ದಾರಿ ಬೇರೆ ಇಲ್ಲ, ಆದರೆ ಇದಕ್ಕೆ ಮರ್ಯಾದೆ ಕಡಿಮೆ. ನಮ್ಮ ಗುಡ್ಡೆಗಳು ಬೋಳಾದದ್ದು ತಾವಾಗಿಯೇ ಅಲ್ಲ. ಹಟ್ಟಿಗೆ ಸೊಪ್ಪು, ಗದ್ದೆಗೆ ಬೂದಿ, ಒಲೆಗೆ ಸೌದೆ ಎಂದು ತಲೆಮಾರುಗಳ ಕಾಲ ಕಡಿದದ್ದರಿಂದಲೂ, 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ನಂತರ ಬೆಳೆದುನಿಂತ ಹೆಂಚಿನ ಉದ್ಯಮದ ಒಲೆಗಳು ಸೌದೆಯನ್ನು ಬೇಡಿದ್ದರಿಂದಲೂ ಮರಗಳೆಲ್ಲ ಕುತ್ತಿಗಳಾಗಿ, ಅಂದರೆ ಕಡಿದ ಬುಡಗಳಾಗಿ ಉಳಿದವು. ಈಗ ಹಟ್ಟಿಯಲ್ಲಿ ದನವಿಲ್ಲ, ಒಲೆಗೆ ಗ್ಯಾಸು ಬಂದಿದೆ, ಕತ್ತಿ ಹಿಡಿದು ಗುಡ್ಡೆಗೆ ಹೋಗುವವರಿಲ್ಲ. ಆ ಕುತ್ತಿಗಳು ಮಾತ್ರ ಇನ್ನೂ ಜೀವಂತವಾಗಿದ್ದು ಪ್ರತಿ ಮಳೆಗಾಲ ಚಿಗುರುತ್ತಿವೆ.

ನಿಮ್ಮ ಜಾಗಕ್ಕೆ ಇದು ಸಾಕೇ ಎಂದು ತಿಳಿಯಲು ಒಂದು ಸುಲಭದ ಲೆಕ್ಕವಿದೆ. ಮಳೆ ಬಿಟ್ಟ ಮೇಲೆ ಅಕ್ಟೋಬರ್‌ನಲ್ಲಿ 10 ಮೀಟರ್ ಉದ್ದ, 10 ಮೀಟರ್ ಅಗಲದ ಚೌಕವನ್ನು ಹಗ್ಗದಿಂದ ಗುರುತಿಸಿ, ಅದರೊಳಗೆ ಮೊಣಕಾಲಿಗಿಂತ ಎತ್ತರಕ್ಕೆ ಬಂದ ಮರಜಾತಿಯ ಚಿಗುರುಗಳನ್ನು ಎಣಿಸಿ. ಮೂರು ಮೀಟರ್ ಅಂತರದಲ್ಲಿ ಗಿಡ ನೆಟ್ಟರೆ ಎಕರೆಗೆ 450 ಗಿಡ, ಅಂದರೆ ಅಂಥ ಒಂದು ಚೌಕಕ್ಕೆ 11 ಗಿಡ ಬೀಳುತ್ತದೆ. ನಿಮ್ಮ ಚೌಕದಲ್ಲಿ ಈಗಾಗಲೇ ಹತ್ತು ಚಿಗುರು ಇದ್ದರೆ, ನೀವು ದುಡ್ಡು ಕೊಟ್ಟು ನೆಡಬೇಕೆಂದಿದ್ದ ಕಾಡು ಬೇರುಸಹಿತ ಅಲ್ಲೇ ಇದೆ. ಅದೂ ಹತ್ತಾರು ಬೇಸಗೆ ದಾಟಿದ ಬೇರು; ಅದಕ್ಕೆ ನೀರು ಹೊರುವ ಕೆಲಸವಿಲ್ಲ.

ಮಾಡಬೇಕಾದ ಕೆಲಸ ಇಷ್ಟೇ: ಗಡಿಗೆ ಅಗಳು ತೋಡುವುದು ಅಥವಾ ಬೇಲಿ ಕಟ್ಟುವುದು, ಡಿಸೆಂಬರ್ ಮುಗಿಯುವುದರೊಳಗೆ ಸುತ್ತ ಹತ್ತು ಅಡಿ ಅಗಲಕ್ಕೆ ಹುಲ್ಲು ಕೆತ್ತಿ ಬೆಂಕಿ ದಾಟದಂತೆ ಮಾಡುವುದು, ಕಮ್ಯುನಿಸ್ಟ್ ಗಿಡವೆಂಬ ಹಬ್ಬುವ ಕಳೆಯನ್ನು ಹೂಬಿಡುವ ಮುಂಚೆ ಕೀಳುವುದು, ಒಂದು ಕುತ್ತಿಯಿಂದ ಐದಾರು ಚಿಗುರು ಬಂದಿದ್ದರೆ ನೆಟ್ಟಗಿನ ಒಂದೆರಡನ್ನು ಉಳಿಸಿ ಉಳಿದವನ್ನು ಸವರುವುದು. ಮರುವ, ನೇರಳೆ, ನೆಲ್ಲಿ, ಕಾಸರಕ, ಕುಂಟಾಲ, ಕೇಪುಳ ಇವೆಲ್ಲ ತಾವಾಗಿ ಬರುತ್ತವೆ. ಹಕ್ಕಿಗಳಿಗೆ ಈ ದಾರಿಗಿಂತ ಒಳ್ಳೆಯದಿಲ್ಲ.

ಕೊರತೆಗಳೂ ಇವೆ. ಕಿರಾಲ್‌ಬೋಗಿಯ ಬೀಜಕ್ಕೆ ರೆಕ್ಕೆಯಿದ್ದರೂ ಅದು ತಾಯಿಮರದಿಂದ ಹೆಚ್ಚು ದೂರ ಹೋಗುವುದಿಲ್ಲ, ಧೂಪದ ಬೀಜವಂತೂ ಭಾರಕ್ಕೆ ಬುಡದಲ್ಲೇ ಬೀಳುತ್ತದೆ. ಹತ್ತಿರದಲ್ಲಿ ಇವುಗಳ ತಾಯಿಮರವಿಲ್ಲದಿದ್ದರೆ ನೂರು ವರ್ಷ ಕಾದರೂ ಇವು ತಾವಾಗಿ ಬರುವುದು ಸಂಶಯ. ಬೆಲೆಬಾಳುವ ಮರವೇ ಮುಖ್ಯವೆನ್ನುವವರಿಗೆ ಈ ದಾರಿ ನಿರಾಸೆ ತರುತ್ತದೆ. ಜೊತೆಗೆ, ಬೇಲಿ ಹಾಕಿ ಬಿಟ್ಟ ಜಾಗ ನೋಡುವವರ ಕಣ್ಣಿಗೆ ಹಾಳುಬಿದ್ದ ಜಾಗದಂತೆಯೇ ಕಾಣುವುದರಿಂದ ಕಸದ ಚೀಲಗಳು ಬಂದು ಬೀಳುತ್ತವೆ. ನಡುವೆ ಒಂದು ಕಾಲುದಾರಿ ಮಾಡಿ ವಾರಕ್ಕೊಮ್ಮೆಯಾದರೂ ಯಾರಾದರೂ ಓಡಾಡುವಂತೆ ಮಾಡಿದರೆ ಇದು ಬಹಳ ಮಟ್ಟಿಗೆ ನಿಲ್ಲುತ್ತದೆ.

ಸಾಲುತೋಪು

ಸಾಲುತೋಪು ಎಂದರೆ ನಮ್ಮಲ್ಲಿ ಹೆಚ್ಚಾಗಿ ಅಕೇಶಿಯಾ, ಸಾಗುವಾನಿ, ಈಚಿನ ವರ್ಷಗಳಲ್ಲಿ ಹೆಬ್ಬೇವು ಮತ್ತು ಮಹಾಗನಿ. ಇವುಗಳಲ್ಲಿ ಹೆಬ್ಬೇವಿಗೂ ಮಹಾಗನಿಗೂ ಆಳದ ಮಣ್ಣು ಬೇಕು, ಮೊದಲ ವರ್ಷಗಳಲ್ಲಿ ನೀರೂ ಬೇಕು. ಮುರಕಲ್ಲಿನ ಇಳಿಜಾರಿನಲ್ಲಿ ಇವನ್ನು ನೆಟ್ಟು ಎಕರೆಗೆ ಇಷ್ಟು ಲಕ್ಷ, ಅಷ್ಟು ಕೋಟಿ ಎಂದು ಲೆಕ್ಕ ಹೇಳುವವರ ಮಾತನ್ನು ಕೇಳುವ ಮೊದಲು ಆ ಲೆಕ್ಕದ ಮರ ಯಾವ ಮಣ್ಣಿನಲ್ಲಿ ಬೆಳೆದದ್ದು ಎಂದು ಕೇಳಬೇಕು.

ಸಾಗುವಾನಿಗೂ ಇದೇ ಮಾತು ಸಲ್ಲುತ್ತದೆ. ಕೇರಳದ ನಿಲಂಬೂರಿನಲ್ಲಿ 1840ರ ದಶಕದಲ್ಲಿ ನೆಟ್ಟ ತೇಗದ ತೋಪಿನ ಮರಗಳು ದೈತ್ಯಾಕಾರಕ್ಕೆ ಬೆಳೆದದ್ದು ಚಾಲಿಯಾರ್ ನದಿಯ ದಂಡೆಯ ಮೆಕ್ಕಲು ಮಣ್ಣಿನಲ್ಲಿ. ಅದೇ ಮರವನ್ನು ಒಂದೂವರೆ ಅಡಿ ಮಣ್ಣಿನ ಗುಡ್ಡೆಯಲ್ಲಿ ನೆಟ್ಟರೆ 25 ವರ್ಷವಾದರೂ ಕಾಂಡ ತೆಳ್ಳಗೆ ಉಳಿದು, ಕೊಯ್ದಾಗ ತಿರುಳಿಗಿಂತ ಹೊರಮರವೇ ಹೆಚ್ಚು ಕಾಣುತ್ತದೆ. ಅಲ್ಲದೆ ಸಾಗುವಾನಿಯ ಅಗಲ ಎಲೆಗಳಿಂದ ಒಟ್ಟಾಗಿ ಜಾರುವ ದಪ್ಪ ಹನಿಗಳು ಕೆಳಗಿನ ಬರಿಮಣ್ಣನ್ನು ಕೊಚ್ಚುವುದರಿಂದ, ಇಳಿಜಾರಿನಲ್ಲಿ ಸಾಗುವಾನಿ ಒಂದನ್ನೇ ನೆಡುವುದು ಇದ್ದ ಮಣ್ಣನ್ನೂ ಕಳೆದುಕೊಳ್ಳುವ ದಾರಿ. ಬೈಲಿನ ಅಂಚಿನಲ್ಲಿ ಆಳದ ಮಣ್ಣಿರುವ 20–30 ಸೆಂಟ್ಸ್ ಜಾಗವಿದ್ದರೆ ಅಲ್ಲಿ ಒಂದು ಸಾಲು ಹಾಕುವುದಕ್ಕೆ ನನ್ನ ತಕರಾರಿಲ್ಲ.

ಅಕೇಶಿಯಾದ ಬಗ್ಗೆ ನ್ಯಾಯವಾಗಿ ಮಾತಾಡುವುದು ಕಷ್ಟ, ಏಕೆಂದರೆ ಅದನ್ನು ಬೈಯುವುದು ಈಗ ವಾಡಿಕೆಯಾಗಿದೆ. ಆಸ್ಟ್ರೇಲಿಯಾ ಮತ್ತು ಪಪುವಾ ನ್ಯೂಗಿನಿ ಕಡೆಯ ಈ ಮರವನ್ನು 1980ರ ದಶಕದಿಂದ ಅರಣ್ಯ ಇಲಾಖೆ ಕರಾವಳಿಯ ಗುಡ್ಡೆಗಳಲ್ಲಿ ವ್ಯಾಪಕವಾಗಿ ನೆಟ್ಟಿತು. ಬೇರೆ ಯಾವ ಗಿಡವೂ ನಿಲ್ಲದ ಕಡೆ ಅದು ನಿಂತಿತು, ಬೇರಿನಲ್ಲಿ ಸಾರಜನಕವನ್ನು ಕೂಡಿಸಿತು, ಹತ್ತಾರು ವರ್ಷಗಳಲ್ಲಿ ಸೌದೆಯನ್ನೂ ಪೀಠೋಪಕರಣಕ್ಕೆ ಸಾಕಾಗುವ ಮರವನ್ನೂ ಕೊಟ್ಟಿತು. ಇವೆಲ್ಲ ನಿಜ. ಅದರ ಕೆಳಗೆ ದಪ್ಪಗೆ ಹಾಸುವ, ಬೇಗ ಕೊಳೆಯದ ತರಗೆಲೆ ಬೇಸಗೆಯಲ್ಲಿ ಬೆಂಕಿಗೆ ಮೇವಾಗುತ್ತದೆ, ಹಣ್ಣೆಂದು ತಿನ್ನುವಂಥದ್ದು ಯಾವ ಪ್ರಾಣಿಗೂ ಹೆಚ್ಚೇನೂ ಸಿಗುವುದಿಲ್ಲ, ಬೀಜದ ಕಿತ್ತಳೆ ಬಣ್ಣದ ತೊಟ್ಟಿಗೆ ಮರುಳಾಗುವ ಹಕ್ಕಿಗಳು ಅದನ್ನು ನೀವು ಬಯಸದ ಕಡೆಗೂ ಹರಡುತ್ತವೆ. ಇವೂ ನಿಜ. ಹೊಸದಾಗಿ ಅಕೇಶಿಯಾ ನೆಡಬೇಡಿ ಎಂದೇ ಹೇಳುತ್ತೇನೆ. ಆದರೆ ಈಗಾಗಲೇ ನಿಂತಿರುವ ಅಕೇಶಿಯಾವನ್ನು ಒಂದೇ ದಿನ ಬೋಳಿಸುವುದೂ ತಪ್ಪು. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಮಿಯಾವಾಕಿ

ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ತಮ್ಮ ದೇಶದ ದೇಗುಲಗಳ ಸುತ್ತ ಉಳಿದುಕೊಂಡಿದ್ದ ಹಳೆಯ ಮರಗಳ ತುಂಡುವನಗಳನ್ನು ನೋಡಿ, ಆಯಾ ನೆಲಕ್ಕೆ ಸಹಜವಾದ ಕಾಡು ಯಾವುದೆಂಬುದನ್ನು ಅವುಗಳಿಂದ ಕಲಿತರು. 1970ರ ದಶಕದಿಂದ ಉಕ್ಕಿನ ಕಾರ್ಖಾನೆಗಳ ಸುತ್ತ ಅದನ್ನೇ ದಟ್ಟವಾಗಿ ನೆಟ್ಟು ತೋರಿಸಿದರು. ನಾಗಬನಗಳ ನಾಡಿನವರಿಗೆ ಈ ಯೋಚನೆ ಹೊಸತೆನಿಸಬೇಕಾಗಿಲ್ಲ. ವಿಚಿತ್ರವೆಂದರೆ, ಬನದ ಮರಗಳನ್ನು ಕಡಿದು ಸುತ್ತ ಸಿಮೆಂಟು ಹಾಕಿಸಿದ ಊರುಗಳಲ್ಲೇ ಈಗ ಜಪಾನಿ ಹೆಸರಿನ ಫಲಕ ನೆಟ್ಟು ಗಿಡ ನೆಡಲಾಗುತ್ತಿದೆ.

ವಿಧಾನದ ತಿರುಳು ದಟ್ಟಣೆ. ಚದರ ಮೀಟರಿಗೆ ಮೂರರಿಂದ ಐದು ಸಸಿಗಳನ್ನು, ಎತ್ತರದ ಮರ, ನಡುವಿನ ಮರ, ಪೊದೆ ಎಂದು ಬೆರೆಸಿ, ಅಗೆದು ಗೊಬ್ಬರ ಸೇರಿಸಿದ ಮಣ್ಣಿನಲ್ಲಿ ನೆಟ್ಟು ಎರಡು ಮೂರು ವರ್ಷ ನೀರು ಕೊಟ್ಟು ಕಳೆ ಕಿತ್ತರೆ ಆಮೇಲೆ ಅದು ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ಚದರ ಮೀಟರಿಗೆ ಮೂರರ ಲೆಕ್ಕದಲ್ಲಿಯೂ 10 ಸೆಂಟ್ಸ್‌ಗೆ 1,200 ಸಸಿ, ಒಂದು ಎಕರೆಗೆ 12,000 ಸಸಿ ಬೇಕು. ಮುರಕಲ್ಲಿನಲ್ಲಿ ಇಡೀ ಎಕರೆಯನ್ನು ಅಗೆಸಿ ಮಣ್ಣು ತುಂಬಿಸುವ ಖರ್ಚನ್ನು ಇದರ ಮೇಲೆ ಸೇರಿಸಿಕೊಂಡರೆ ಹೆಚ್ಚಿನವರ ಉತ್ಸಾಹ ಅಲ್ಲಿಗೇ ಇಳಿಯುತ್ತದೆ. ಮರಮುಟ್ಟಿಗಾಗಿ ಇದು ಅಲ್ಲವೇ ಅಲ್ಲ. ಅಷ್ಟು ಒತ್ತೊತ್ತಾಗಿ ಬೆಳೆದ ಕಾಂಡಗಳು ಎತ್ತರಕ್ಕೆ ಹೋಗುತ್ತವೆಯೇ ಹೊರತು ದಪ್ಪವಾಗುವುದಿಲ್ಲ. ಒಳಗೆ ನಡೆದಾಡುವ ಜಾಗವೂ ಇರುವುದಿಲ್ಲ. ನಗರದೊಳಗಿನ ಶಾಲೆಯ ಹಿತ್ತಿಲು, ವಸತಿ ಸಮುಚ್ಚಯದ ಮೂಲೆ, ರಸ್ತೆಯ ಧೂಳು ಮತ್ತು ಸದ್ದನ್ನು ತಡೆಯಬೇಕಾದ ಅಂಚು, ಇಂಥ ಐದಾರು ಸೆಂಟ್ಸ್ ಜಾಗದಲ್ಲಿ, ನಲ್ಲಿ ಹತ್ತಿರವಿದ್ದು ನಾಲ್ಕು ಜನ ಸೇರುವ ಕಡೆ, ಇದಕ್ಕಿಂತ ಚೆನ್ನಾದ ವಿಧಾನವಿಲ್ಲ. ಗುಡ್ಡೆಗೆ ಇದನ್ನು ಒಯ್ಯಬೇಕಾಗಿಲ್ಲ.

ಮಿಶ್ರವನ

ಇರುವ ಚಿಗುರನ್ನು ಉಳಿಸಿಕೊಂಡು, ತಾವಾಗಿ ಬಾರದ ಜಾತಿಗಳನ್ನು ಮಾತ್ರ ನಡುನಡುವೆ ಸೇರಿಸುವುದು ಈ ದಾರಿ. ಖಾಲಿ ಇಳಿಜಾರಿನಲ್ಲಿ ಮೂರು ಮೀಟರ್ ಅಂತರದಲ್ಲಿ 450 ಗಿಡ ನೆಟ್ಟು, ಗಿಡಕ್ಕೆ ವಾರಕ್ಕೆ 10 ಲೀಟರಿನಂತೆ 20 ವಾರ ನೀರು ಕೊಡಬೇಕಾದರೆ ಒಂದು ಬೇಸಗೆಗೆ 90,000 ಲೀಟರ್ ಬೇಕಾಗುತ್ತದೆ. ಚಿಗುರುಗಳ ನಡುವೆ ಆರು ಮೀಟರ್ ಅಂತರದಲ್ಲಿ 112 ಗಿಡ ಸೇರಿಸಿದರೆ 22,400 ಲೀಟರ್ ಸಾಕು. ಗುಡ್ಡೆಯ ಮೇಲೆ ಬಾವಿಯಿಲ್ಲದವರು, ಟ್ಯಾಂಕರಿಗೆ ಹಣ ಕೊಡಬೇಕಾದವರು ಈ ಎರಡು ಸಂಖ್ಯೆಗಳನ್ನು ಹೋಲಿಸಿದರೆ ಅರ್ಧ ತೀರ್ಮಾನ ಆದಂತೆಯೇ.

ಯಾವುದನ್ನು ಎಲ್ಲಿ ನೆಡಬೇಕು ಎಂಬುದು ಇಲ್ಲಿ ಮುಖ್ಯ. ನಾನು ಮೊದಲ ಸಲ ನೆಟ್ಟಾಗ 40 ಕಿರಾಲ್‌ಬೋಗಿ ಸಸಿಗಳನ್ನು ಬಿಸಿಲಿಗೆ ತೆರೆದುಕೊಂಡ ಇಳಿಜಾರಿನಲ್ಲಿ ಚೆಂದಕ್ಕೆ ಸಾಲಾಗಿ ನೆಟ್ಟಿದ್ದೆ. ದೀಪಾವಳಿಯವರೆಗೆ ಹಸಿರಾಗಿದ್ದವು ಮಾರ್ಚ್ ಹೊತ್ತಿಗೆ ಸುಟ್ಟುಹೋದವು. ಜಾಗ ಸಾಲದೆ ಮುದಿ ಗೇರುಮರದ ಕೆಳಗೆ ಹಾಕಿದ್ದ ನಾಲ್ಕು ಮಾತ್ರ ಉಳಿದವು. ಬೋಗಿ, ಧೂಪ, ರಾಂಪತ್ರೆ ಇವು ದಟ್ಟ ಕಾಡಿನ ನೆರಳಿನಲ್ಲಿ ಹುಟ್ಟುವ ಜಾತಿಗಳು, ಎಳವೆಯಲ್ಲಿ ಇವಕ್ಕೆ ಹಿರಿಯ ಮರದ ಮರೆ ಬೇಕು. ನಿಂತಿರುವ ಅಕೇಶಿಯಾವನ್ನು ಬೋಳಿಸಬೇಡಿ ಎಂದದ್ದು ಇದಕ್ಕೇ. ಮೂರರಲ್ಲಿ ಒಂದು ಮರವನ್ನು ತೆಗೆದು, ಬಿದ್ದ ತರಗೆಲೆಯನ್ನು ಗಡಿಯಿಂದ ಒಳಕ್ಕೆ ಸರಿಸಿ, ಆ ತೂತುನೆರಳಿನಲ್ಲಿ ಬೋಗಿಯನ್ನೂ ಹೆಬ್ಬಲಸನ್ನೂ ನೆಟ್ಟು, ಅವು ಆಳೆತ್ತರ ದಾಟಿದ ಹಾಗೆಲ್ಲ ಉಳಿದ ಅಕೇಶಿಯಾವನ್ನು ಕಂತಿನಲ್ಲಿ ಕಡಿದರೆ, ಪರದೇಶದ ಮರವೇ ಊರ ಕಾಡಿಗೆ ದಾದಿಯಾಗುತ್ತದೆ, ಕಡಿದ ಮರದ ಹಣ ಬೇಲಿಯ ಖರ್ಚಿಗೂ ಒದಗುತ್ತದೆ. ಮರೆಯೇ ಇಲ್ಲದ ಜಾಗದಲ್ಲಿ ಮೊದಲೆರಡು ವರ್ಷ ಗ್ಲಿರಿಸಿಡಿಯಾ ಗೂಟಗಳನ್ನು ನೆಟ್ಟು ನೆರಳು ಮಾಡಿಕೊಳ್ಳಬಹುದು.

ಬಿಸಿಲನ್ನು ತಾಳುವ ಮತ್ತಿ, ಮರುವ, ಹೊನ್ನೆ, ನೇರಳೆ, ಕಾಟುಮಾವುಗಳಿಗೆ ಈ ಉಪಚಾರ ಬೇಡ. ದಾರಂದ, ಬಾಗಿಲುಗಳ ಆಸೆಯಿದ್ದರೆ ಹೆಬ್ಬಲಸು ಮತ್ತು ಹಲಸನ್ನು ಮಣ್ಣು ಆಳವಿರುವ ಕೆಳಭಾಗದಲ್ಲಿ 20–25 ಮರಗಳಷ್ಟು ಒಟ್ಟಾಗಿ ಬೆಳೆಸಿ. ಹಲಸನ್ನು ಒಂಟಿಯಾಗಿ ಅಂಗಳದಲ್ಲಿ ಬೆಳೆಸಿದರೆ ಆಳೆತ್ತರದಲ್ಲೇ ಕವಲೊಡೆಯುತ್ತದೆ, ಹಣ್ಣು ಕೀಳಲು ಅದೇ ಅನುಕೂಲ. ನೀಳವಾದ ಕಾಂಡ ಬೇಕೆಂದರೆ ಸುತ್ತ ಒತ್ತುವ ನೆರೆಯ ಗಿಡಗಳಿರಬೇಕು. ಮೂರು ಆಸೆಗಳನ್ನೂ ಒಂದಿಷ್ಟು ಈಡೇರಿಸುವ ಮರ ನಮ್ಮಲ್ಲಿ ಯಾವುದಾದರೂ ಇದ್ದರೆ ಅದು ಹಲಸೇ. ಮನೆಯವರ ಉಪಯೋಗಕ್ಕೆ ಪುನರ್ಪುಳಿ, ಉಪ್ಪಾಗೆ, ರೆಂಜೆ, ಆಟಿ ಅಮಾವಾಸ್ಯೆಗೆ ತೊಗಟೆ ಕೊಡುವ ಹಾಲೆ, ಇವನ್ನು ಕಾಲುದಾರಿಯ ಬದಿಗೆ ಹಾಕಿ. ಕಾಡುಹಣ್ಣು ನೆಟ್ಟರೆ ಮಂಗಗಳು ತೆಂಗಿನ ತೋಟ ಬಿಟ್ಟು ಹೋಗುತ್ತವೆ ಎಂಬ ಮಾತನ್ನು ನಾನು ನೆಚ್ಚಿಕೊಂಡಿಲ್ಲ. ಹಣ್ಣಿನ ಮರಗಳನ್ನು ತೋಟದಿಂದ ದೂರದ ಅಂಚಿಗೆ ಹಾಕುವುದು ಜಾಣತನ.

ಹಕ್ಕಿಗಳಿಗಾಗಿ ಮಾಡಬಹುದಾದ ಅತ್ಯಂತ ಸುಲಭದ ಕೆಲಸವೆಂದರೆ ಮಳೆಗಾಲದ ಆರಂಭದಲ್ಲಿ ಗೋಳಿಯ (ಆಲದ) ತೋಳುದಪ್ಪದ ಗೂಟಗಳನ್ನು ಅಲ್ಲಲ್ಲಿ ನೆಡುವುದು. ಅವು ಬೇರುಬಿಟ್ಟು ಚಿಗುರುವ ಮೊದಲೇ ಅವುಗಳ ಮೇಲೆ ಕೂರುವ ಹಕ್ಕಿಗಳು ಬುಡದಲ್ಲಿ ಬೀಜ ಉದುರಿಸಿ ನಿಮ್ಮ ಕೆಲಸ ಕಡಿಮೆ ಮಾಡುತ್ತವೆ. ಒಳಗೆ ಟೊಳ್ಳಾದ ಮುದಿ ಗೇರುಮರಗಳನ್ನು ಸೌದೆಗೆಂದು ಕಡಿಯದೆ ನಾಲ್ಕಾರನ್ನಾದರೂ ಬಿಡಬೇಕು. ಕುಟ್ರು ಹಕ್ಕಿ, ಮರಕುಟಿಗ, ಗೂಬೆಗಳಿಗೆ ಹೊಸ ಕಾಡಿನಲ್ಲಿ ಹಲವು ದಶಕಗಳ ಕಾಲ ಬೇರೆ ಪೊಟರೆ ಸಿಗುವುದಿಲ್ಲ.

ಮರ ಕಡಿಯುವ ಕಾಲ ಬಂದಾಗ ಸಾಲುತೋಪಿನಂತೆ ಇದನ್ನು ಒಂದೇ ಸಲ ಕಡಿಯಲಾಗದು. ಬಲಿತ ಒಂದೆರಡು ಮರಗಳನ್ನು ಆಯ್ದು, ಬೇಸಗೆಯಲ್ಲಿ ಕಡಿದು, ಬಿದ್ದ ಗಂಡಿಯಲ್ಲಿ ಅದೇ ಮಳೆಗಾಲ ಮತ್ತೆ ಸಸಿ ನೆಡಬೇಕಾಗುತ್ತದೆ. ಇದರಿಂದ ದೊಡ್ಡ ಮೊತ್ತ ಒಟ್ಟಿಗೆ ಕೈಗೆ ಬರುವುದಿಲ್ಲ. ಮಗಳ ಮದುವೆಯ ಖರ್ಚನ್ನು ಕಾಡಿನಿಂದ ತೆಗೆಯಬೇಕೆನ್ನುವವರು ಸಾಲುತೋಪನ್ನೇ ಆರಿಸಿಕೊಳ್ಳುವುದು ಪ್ರಾಮಾಣಿಕವಾದ ತೀರ್ಮಾನ.

ಪಹಣಿ, ಪರವಾನಗಿ, ಬೀಜ

ಗಿಡ ನೆಡುವ ಮೊದಲು ಪಹಣಿಯನ್ನು ತೆಗೆದು ನೋಡಬೇಕು. ತಲೆತಲಾಂತರದಿಂದ ಸೊಪ್ಪು ತಂದ ಗುಡ್ಡೆ ಎಷ್ಟೋ ಸಲ ವರ್ಗ (ಪಟ್ಟಾ) ಜಾಗವಾಗಿರದೆ ಅದಕ್ಕೆ ತಾಗಿದ ಕುಮ್ಕಿಯಾಗಿರುತ್ತದೆ. ಕುಮ್ಕಿ ಸರಕಾರದ ಭೂಮಿ, ನಿಮಗಿರುವುದು ಸೊಪ್ಪು ಸೌದೆಯಂಥ ಅನುಭೋಗದ ಸೌಲಭ್ಯ ಮಾತ್ರ. ಅಲ್ಲಿ ಬೇಲಿ ಹಾಕಿ ಬೆಲೆಬಾಳುವ ಮರ ಬೆಳೆಸಿ ನಾಳೆ ನನ್ನದೆಂದರೆ ನಡೆಯುವುದಿಲ್ಲ. ಸ್ವಂತ ಜಾಗದಲ್ಲಿಯೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವಿನಾಯಿತಿ ಪಡೆದ ಜಾತಿಗಳನ್ನು ಬಿಟ್ಟು ಉಳಿದವನ್ನು ಕಡಿಯಲು ಅನುಮತಿ ಬೇಕು. ಮರಕ್ಕಾಗಿ ನೆಡುವವರು ಯಾವ ಜಾತಿಗೆ ಯಾವ ನಿಯಮ ಎಂಬುದನ್ನು ವಲಯ ಅರಣ್ಯ ಕಚೇರಿಯಲ್ಲಿ ಮೊದಲೇ ಕೇಳಿಕೊಂಡು, ನೆಟ್ಟ ವರ್ಷ ಮತ್ತು ಸಂಖ್ಯೆಯ ದಾಖಲೆಯನ್ನು ಫೋಟೋ ಸಮೇತ ಇಟ್ಟುಕೊಳ್ಳುವುದು ಒಳ್ಳೆಯದು. ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರಿಯಾಯಿತಿ ದರದ ಸಸಿಗಳು ಸಿಗುತ್ತವೆ, ಬದುಕುಳಿದ ಗಿಡಗಳ ಲೆಕ್ಕದ ಮೇಲೆ ಮೂರು ವರ್ಷ ಪ್ರೋತ್ಸಾಹಧನವೂ ಇದೆ.

ನರ್ಸರಿಯಲ್ಲಿ ಬೋಗಿ, ಧೂಪ ಸಿಗದಿದ್ದರೆ ಬೀಜದಿಂದಲೇ ಬೆಳೆಸಬಹುದು. ಹತ್ತಿರದ ಬನದಲ್ಲಿ ತಾಯಿಮರವಿದ್ದರೆ, ಬನದವರ ಒಪ್ಪಿಗೆ ಪಡೆದು ಮೇ ಕೊನೆಯಿಂದ ಜೂನ್‌ವರೆಗೆ ಬುಡದಲ್ಲಿ ಬಿದ್ದ ಬೀಜಗಳನ್ನು ಹೆಕ್ಕಿಕೊಳ್ಳಿ. ಇವು ಕಡಲೆಯಂತೆ ಡಬ್ಬದಲ್ಲಿಟ್ಟು ಕಾಯುವ ಬೀಜಗಳಲ್ಲ. ಒಣಗಿದರೆ ಒಂದೆರಡು ವಾರದಲ್ಲೇ ಜೀವ ಕಳೆದುಕೊಳ್ಳುತ್ತವೆ. ಹೆಕ್ಕಿದ ದಿನವೇ, ತಪ್ಪಿದರೆ ಮರುದಿನ, ಮಣ್ಣು ತುಂಬಿದ ಪ್ಯಾಕೆಟಿಗೆ ಹಾಕಿ ನೆರಳಿನಲ್ಲಿಡಬೇಕು. ಆ ಸಸಿ ಗುಡ್ಡೆಗೆ ಹೋಗುವುದು ಮುಂದಿನ ವರ್ಷದ ಜೂನ್‌ನಲ್ಲಿ, ಮೊದಲ ಎರಡು ಒಳ್ಳೆಯ ಮಳೆ ಬಿದ್ದ ಮೇಲೆ. ಅಷ್ಟರಲ್ಲಿ ಬೇಲಿ ಕಟ್ಟಿ, ಚಿಗುರು ಎಣಿಸಿ, ಪಾದೆಯ ಗಡಿ ಗುರುತಿಸಿ ಮುಗಿಸಲು ಸರಿಯಾಗಿ ಒಂದು ವರ್ಷ ಸಿಗುತ್ತದೆ.